ಹೊಸ ಸ್ಪೋರ್ಟ್ ಟೂರರ್‌ಗೆ ಕಾಯಬೇಕಾ, ಈಗಲೇ ತಗೊಳ್ಳಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ದೊಡ್ಡ ಗಾಡಿ ತಗೊಳ್ಳಬೇಕು ಅಂತ ದುಡ್ಡು ಕೂಡಿಡುತ್ತಿರುವವರು, ಇರುವ ಸ್ಪೋರ್ಟ್ ಟೂರರ್ ಕೊಟ್ಟು ಹೊಸದಕ್ಕೆ ಹೋಗಬೇಕೆಂದಿರುವವರು, ಇಬ್ಬರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ನಮ್ಮ ಊರಿನ ಶೋರೂಂಗಳಲ್ಲಿ ಸಿಗುವ ಕವಾಸಾಕಿ ನಿಂಜಾ 1100 ಎಸ್‌ಎಕ್ಸ್ ಅನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು ಉತ್ತರ ಕೊಟ್ಟಿದ್ದೇನೆ. ಬೇಕಾದ ಕಡೆ ಬೇರೆ ಗಾಡಿಗಳ ಕತೆಯೂ ಬರುತ್ತದೆ.

ಸ್ಪೋರ್ಟ್ ಟೂರರ್ ಅಂದರೆ ಯಾವ ಥರದ ಗಾಡಿ?

ಘಾಟಿಯ ತಿರುವಿನಲ್ಲಿ ಸ್ಪೋರ್ಟ್ಸ್ ಬೈಕಿನ ಹಾಗೆ ಬಾಗಬೇಕು. ಬೆಳಗ್ಗೆ ಬೆಂಗಳೂರು ಬಿಟ್ಟು ಸಂಜೆ ಬೆಳಗಾವಿಯಲ್ಲಿ ಇಳಿದಾಗ ಬೆನ್ನು, ಮಣಿಕಟ್ಟು ನೋಯಬಾರದು. ಗಾಳಿ ತಡೆಯಲು ಫೇರಿಂಗ್ (ಗಾಡಿಯ ಮೈ ಮುಚ್ಚುವ ಹೊದಿಕೆ) ಮತ್ತು ವಿಂಡ್‌ಸ್ಕ್ರೀನ್, ಸ್ವಲ್ಪ ಎತ್ತರದ ಹ್ಯಾಂಡಲ್, ಸೈಡ್ ಬಾಕ್ಸ್ ಹಾಕುವ ಜಾಗ, ಎರಡನೆಯವರಿಗೆ ನಿಜವಾಗಿ ಕೂರಬಹುದಾದ ಸೀಟು, ಎರಡೂ ಕಡೆ 17 ಇಂಚಿನ ಚಕ್ರ. ಇಷ್ಟಿದ್ದರೆ ಅದು ಸ್ಪೋರ್ಟ್ ಟೂರರ್. ಅಡ್ವೆಂಚರ್ ಬೈಕಿನಲ್ಲೂ ದೂರ ಹೋಗಬಹುದು. ಆದರೆ ಅದು ಎತ್ತರದ ಗಾಡಿ, ಅದರ ಗುಣವೇ ಬೇರೆ.

ಈ ಥರದ ಗಾಡಿಗಳಿಗೆ ಹೊಸ ಮಾಡೆಲ್ ಬರುವುದಕ್ಕೆ ಅಷ್ಟೊಂದು ವರ್ಷ ಯಾಕೆ?

ಕೊಳ್ಳುವವರು ಕಡಿಮೆ, ಅದಕ್ಕೆ. ಜಗತ್ತಿನಾದ್ಯಂತ ದೂರ ಪ್ರಯಾಣದವರು ಅಡ್ವೆಂಚರ್ ಬೈಕ್ ಕಡೆ ಹೊರಳಿದ್ದಾರೆ. ಕಂಪನಿಗಳು ತಮ್ಮ ದುಡ್ಡನ್ನೂ ಎಂಜಿನಿಯರ್‌ಗಳನ್ನೂ ಅಲ್ಲಿಗೇ ಹಾಕುತ್ತವೆ.

ಹಿಂದಿನ ಮೂರು ಗಾಡಿಗಳ ಕತೆ ಕೇಳಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಯಮಹಾ ಎಫ್‌ಜೆಆರ್ 1300 ಯೂರೋಪಿಗೆ ಬಂದದ್ದು 2001ರಲ್ಲಿ, ಐದು ಗೇರಿನ ಗಾಡಿಯಾಗಿ. ಹೆದ್ದಾರಿಯಲ್ಲಿ ಇನ್ನೊಂದು ಗೇರ್ ಇದ್ದರೆ ಎಂಜಿನ್ ಆರಾಮಾಗಿ ಓಡುತ್ತೆ ಎಂದು ಸವಾರರು ವರ್ಷಗಟ್ಟಲೆ ಕೇಳಿದರು. ಆರನೇ ಗೇರ್ ಬಂದದ್ದು 2016ರ ಮಾಡೆಲ್‌ನಲ್ಲಿ. ಹದಿನೈದು ವರ್ಷ!

ಕವಾಸಾಕಿ 1400 ಜಿಟಿಆರ್ ಕತೆ ಇನ್ನೂ ಬೇಸರದ್ದು. ಅಮೆರಿಕದಲ್ಲಿ ಅದರ ಹೆಸರು ಕಾನ್ಕೋರ್ಸ್ 14. 1352 ಸಿಸಿ ಎಂಜಿನ್, ಶಾಫ್ಟ್ ಡ್ರೈವ್ (ಚೈನ್ ಬದಲು ದಂಡದಿಂದ ಚಕ್ರ ತಿರುಗಿಸುವ ವ್ಯವಸ್ಥೆ), ದೇಶ ದಾಟಲೆಂದೇ ಮಾಡಿದ ಗಾಡಿ. ಸವಾರರ ದೊಡ್ಡ ಬೇಡಿಕೆ ಕ್ರೂಸ್ ಕಂಟ್ರೋಲ್, ಅಂದರೆ ಥ್ರಾಟಲ್ ಹಿಡಿಯದೆಯೇ ವೇಗ ಒಂದೇ ಸಮ ಇಡುವ ವ್ಯವಸ್ಥೆ. 2007ರಲ್ಲಿ ಬಂದ ಆ ಗಾಡಿ 2022ರ ಹೊತ್ತಿಗೆ ಮಾರಾಟದಿಂದಲೇ ಹೋಯಿತು. ಕೊನೆಯವರೆಗೂ ಕ್ರೂಸ್ ಕಂಟ್ರೋಲ್ ಬರಲಿಲ್ಲ.

ಹೋಂಡಾದ ಪಾನ್ ಯೂರೋಪಿಯನ್ ಮೂರನೆಯದು. 1990ರಲ್ಲಿ ಎಸ್‌ಟಿ 1100 ಆಗಿ ಬಂತು, 2002ರಲ್ಲಿ ಎಸ್‌ಟಿ 1300 ಆಯಿತು. ಎರಡಕ್ಕೂ ವಿ4 (ವಿ ಆಕಾರದಲ್ಲಿ ನಾಲ್ಕು ಸಿಲಿಂಡರ್ ಇರುವ) ಎಂಜಿನ್, ಶಾಫ್ಟ್ ಡ್ರೈವ್. ಅದು ನಿಂತ ಮೇಲೆ ಮುಂದಿನ ವಿ4 ಬರುತ್ತೆ ಎಂದು ಕಾದವರು ಬಹಳ ಮಂದಿ. 2021ರಲ್ಲಿ ಹೋಂಡಾ ತೋರಿಸಿದ್ದು ಎನ್‌ಟಿ 1100. ಎರಡು ಸಿಲಿಂಡರ್, ಚೈನ್, ಎಂಜಿನ್ ಹೋಂಡಾದ ಅಡ್ವೆಂಚರ್ ಬೈಕ್ ಆಫ್ರಿಕಾ ಟ್ವಿನ್‌ನದ್ದೇ. ಒಂದು ಸಣ್ಣ ಕಾಕತಾಳೀಯವೂ ಇದೆ: ಎಸ್‌ಟಿ 1100, ಎನ್‌ಟಿ 1100 ಎರಡೂ 1084 ಸಿಸಿ. ಎನ್‌ಟಿ ಒಳ್ಳೆಯ ಗಾಡಿಯೇ. ಆದರೆ ಅವರು ಕಾದದ್ದು ಅದಕ್ಕಲ್ಲ.

ಹಾಗಾಗಿ ನನ್ನ ಮಾತು ಇಷ್ಟೇ. "ಹೊಸ ಮಾಡೆಲ್" ಬರಲಿ ಅಂತ ಸುಮ್ನೆ ಕಾಯಬೇಡಿ. ಈಗಿನ ಗಾಡಿಯಲ್ಲಿ ನಿಮಗೆ ಏನು ಸಾಲದು ಎಂದು ಹೆಸರಿಟ್ಟು ಹೇಳಲು ಬಂದರೆ ಮಾತ್ರ ಕಾಯಿರಿ.

ನಿಂಜಾ 1000 ಎಸ್‌ಎಕ್ಸ್ ಹೋಗಿ 1100 ಬಂತು, ಪವರ್ ಮಾತ್ರ ಕಮ್ಮಿಯಾಯಿತು. ಇದನ್ನು ಅಪ್‌ಡೇಟ್ ಅಂತಾರಾ?

ಅತಿ ಹೆಚ್ಚು ಜನ ಕೇಳುವುದು ಇದನ್ನೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹಳೆಯದು 1043 ಸಿಸಿ, 142 ಪಿಎಸ್ (ಇದು ಪವರ್), 111 ಎನ್‌ಎಂ (ಇದು ಟಾರ್ಕ್, ಅಂದರೆ ಎಳೆಯುವ ಬಲ). ಹೊಸದು 1099 ಸಿಸಿ, 136 ಪಿಎಸ್, 113 ಎನ್‌ಎಂ. ಕಾಗದದ ಮೇಲೆ ನೋಡಿದರೆ ಸಿಸಿ ಜಾಸ್ತಿ, ಪವರ್ ಕಮ್ಮಿ. ಹೊಟ್ಟೆ ಉರಿಯುವುದು ಸಹಜ.

ಒಳಗೆ ಆಗಿರುವುದು ಇದು. ಸಿಲಿಂಡರಿನ ಅಗಲ 77 ಮಿಲಿಮೀಟರ್, ಅದು ಹಾಗೇ ಇದೆ. ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ 56ರಿಂದ 59 ಮಿಲಿಮೀಟರ್‌ಗೆ ಹೋಗಿದೆ. ಮೂರು ಮಿಲಿಮೀಟರ್ ಅಷ್ಟೇ. ಇದರಿಂದ ಎಂಜಿನ್ ಕಡಿಮೆ ಆರ್‌ಪಿಎಂನಲ್ಲೇ ಎಳೆಯುತ್ತದೆ. ಮೊದಲು ಪೂರ್ತಿ ಟಾರ್ಕ್ ಸಿಗುತ್ತಿದ್ದದ್ದು 8000 ಆರ್‌ಪಿಎಂನಲ್ಲಿ, ಈಗ 7600ರಲ್ಲಿ. ಪೂರ್ತಿ ಪವರ್ ಮೊದಲು 10,000ದಲ್ಲಿ, ಈಗ 9000ದಲ್ಲಿ. ಜೊತೆಗೆ ಐದು ಮತ್ತು ಆರನೇ ಗೇರನ್ನು ಉದ್ದ ಮಾಡಿದ್ದಾರೆ. ಅದೇ ವೇಗಕ್ಕೆ ಎಂಜಿನ್ ಕಡಿಮೆ ಸುತ್ತುತ್ತದೆ.

ಈಗ ಯೋಚಿಸಿ. ಹಿರಿಯೂರು ದಾಟಿ ಟಾಪ್ ಗೇರಿನಲ್ಲಿ ಹೋಗುತ್ತಿದ್ದೀರಿ. ಮುಂದೆ ಒಂದು ಲಾರಿ. ಗೇರ್ ಇಳಿಸದೆ ಬರೀ ಥ್ರಾಟಲ್ ತಿರುಗಿಸಿ ದಾಟಬೇಕು. ಆಗ ಕೆಲಸಕ್ಕೆ ಬರುವುದು 4000 ಆರ್‌ಪಿಎಂ ಆಸುಪಾಸಿನ ಟಾರ್ಕ್. 10,000 ಆರ್‌ಪಿಎಂನ ಆರು ಕುದುರೆ ನಿಮಗೆ ಯಾವತ್ತು ಬೇಕಾಗಿತ್ತು? ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲೂ ಅಷ್ಟೇ. ತಿರುವಿನಿಂದ ಹೊರಗೆ ಬರುವಾಗ ಮೆತ್ತಗೆ, ತಕ್ಷಣ ಎಳೆಯುವ ಎಂಜಿನ್ ಬೇಕು.

ಉಳಿದ ಬದಲಾವಣೆಗಳು ಚಿಕ್ಕವು, ಆದರೆ ದಿನಾ ಉಪಯೋಗಕ್ಕೆ ಬರುವಂಥವು. ಕ್ಲಚ್ ಹಿಡಿಯದೆ ಗೇರ್ ಬದಲಿಸುವ ಕ್ವಿಕ್ ಶಿಫ್ಟರ್ ಈಗ 1500 ಆರ್‌ಪಿಎಂನಿಂದಲೇ ಕೆಲಸ ಮಾಡುತ್ತದೆ, ಅಂದರೆ ಊರೊಳಗೂ ಉಪಯೋಗ. ಹಿಂದಿನ ಡಿಸ್ಕ್ 250ರಿಂದ 260 ಮಿಲಿಮೀಟರ್ ಆಗಿದೆ. ಮೊಬೈಲ್ ಚಾರ್ಜಿಗೆ ಟೈಪ್ ಸಿ ಪೋರ್ಟ್ ಬಂದಿದೆ.

ನನ್ನ ಪ್ರಕಾರ ಇದು ಸರಿಯಾದ ಅಪ್‌ಡೇಟ್. ಸ್ಪೋರ್ಟ್ ಟೂರರ್ ಸುಧಾರಿಸಬೇಕಾದ್ದು ಇದೇ ದಿಕ್ಕಿನಲ್ಲಿ.

ಪವರ್ ಕಮ್ಮಿ ಮಾಡಿದ್ದು ಮಾಲಿನ್ಯ ನಿಯಮಕ್ಕೆ ಹೆದರಿ ಅಲ್ವಾ?

ನಿಯಮದ ಪಾಲು ಇದ್ದೇ ಇದೆ. ಯೂರೋಪಿನಲ್ಲಿ 2025ರ ಜನವರಿಯಿಂದ ಮಾರುವ ಹೊಸ ಗಾಡಿಗಳೆಲ್ಲ ಯೂರೋ 5 ಪ್ಲಸ್ ನಿಯಮಕ್ಕೆ ಹೊಂದಬೇಕಾಯಿತು. ಎಸ್‌ಎಕ್ಸ್ 1100 ಪ್ರಕಟವಾದದ್ದು 2024ರ ಅಕ್ಟೋಬರ್‌ನಲ್ಲಿ. ಹೊಗೆ ಕಡಿಮೆ ಮಾಡಲು ಎಂಜಿನ್ನಿನ ಉಸಿರು ಸ್ವಲ್ಪ ಕಟ್ಟಬೇಕಾಗುತ್ತದೆ, ಆ ನಷ್ಟವನ್ನು ಸಿಸಿ ಹೆಚ್ಚಿಸಿ ತುಂಬಿಕೊಳ್ಳುತ್ತಾರೆ.

ಸುಜುಕಿ ಹಾಯಬೂಸಾದಲ್ಲೂ ಹೀಗೇ ಆಯಿತು. ಎರಡನೇ ತಲೆಮಾರಿನದ್ದು 197 ಪಿಎಸ್, 2021ರಲ್ಲಿ ಬಂದ ಮೂರನೆಯದು 190. ನಮ್ಮ ದೇಶದ ಮಾಲಿನ್ಯ ನಿಯಮ ಬಿಎಸ್ 6 ಬಂದಾಗ, 2020ರ ಏಪ್ರಿಲ್‌ಗೆ, ಹಳೆಯ ಬೂಸಾ ನಮ್ಮಲ್ಲಿ ನಿಂತುಹೋಗಿತ್ತು. ಒಂದು ವರ್ಷ ಕಾದವರಿಗೆ 2021ರ ಏಪ್ರಿಲ್‌ನಲ್ಲಿ ಹೊಸದು ಬಂತು. ಪವರ್ ಇಳಿಯಿತು ಎಂದು ಮೊದಲು ಗಲಾಟೆಯಾಯಿತು. ಓಡಿಸಿ ನೋಡಿದವರು ಮೆಚ್ಚಿದ್ದು ನಡುವಿನ ಆರ್‌ಪಿಎಂನ ಎಳೆತವನ್ನು, ಎಲೆಕ್ಟ್ರಾನಿಕ್ಸ್ ಅನ್ನು. ಮುಂದಿನ ತಲೆಮಾರುಗಳಲ್ಲೂ ಪವರ್ ನಂಬರ್ ಒಂದೇ ಸಮನೆ ಏರುತ್ತೆ ಅಂತ ಲೆಕ್ಕ ಹಾಕಬೇಡಿ.

ಎಸ್‌ಎಕ್ಸ್‌ಗೆ ಇನ್ನೂ ಏನು ಬರಬೇಕು ಅಂತೀರಿ?

ಈ ಸಾಲಿನ ಗಾಡಿ ಹೆಜ್ಜೆ ಹೆಜ್ಜೆಯಾಗಿ ಬೆಳೆದಿದೆ. 2011ರಲ್ಲಿ ಶುರು. 2014ರಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ (ಚಕ್ರ ಜಾರದಂತೆ ತಡೆಯುವುದು) ಮತ್ತು ಪವರ್ ಮೋಡ್. 2017ರಲ್ಲಿ ಗಾಡಿ ಎಷ್ಟು ಬಾಗಿದೆ ಎಂದು ಅಳೆಯುವ ಸೆನ್ಸರ್, ಎಲ್‌ಇಡಿ ದೀಪ. 2020ರಲ್ಲಿ ಕ್ರೂಸ್ ಕಂಟ್ರೋಲ್, ಕ್ವಿಕ್ ಶಿಫ್ಟರ್, ಬಣ್ಣದ ಡಿಸ್‌ಪ್ಲೇ. ಆಮೇಲೆ ಈ ಎಂಜಿನ್. ಮೂರರಿಂದ ಐದು ವರ್ಷಕ್ಕೊಂದು ಹೆಜ್ಜೆ.

ನನಗೆ ಬೇಕಾದ್ದು ಮೊದಲನೆಯದಾಗಿ ಸೆಂಟರ್ ಸ್ಟ್ಯಾಂಡ್. ದೂರ ಹೋಗುವ ಚೈನ್ ಗಾಡಿಗೆ ಅದಿಲ್ಲದಿದ್ದರೆ ಲಾಡ್ಜ್ ಮುಂದೆ ಚೈನಿಗೆ ಲ್ಯೂಬ್ ಹೊಡೆಯುವುದೇ ಒಂದು ಕಷ್ಟ. ಎರಡನೆಯದು, ಓಡಿಸುತ್ತಲೇ ಬಟನ್ ಒತ್ತಿ ಏರಿಸಬಹುದಾದ ವಿಂಡ್‌ಸ್ಕ್ರೀನ್. ಈಗಿನದಕ್ಕೆ ನಾಲ್ಕು ಹಂತ ಇದೆ, ಆದರೆ ಕೈಯಲ್ಲೇ ಬದಲಿಸಬೇಕು. ಮೂರನೆಯದು 19 ಲೀಟರಿಗಿಂತ ದೊಡ್ಡ ಟ್ಯಾಂಕ್. ಎಸ್‌ಟಿ 1300ಕ್ಕೆ 29 ಲೀಟರ್ ಹಿಡಿಯುತ್ತಿತ್ತು ಅನ್ನುವುದು ನೆನಪಿರಲಿ. ಅದರಲ್ಲೂ ಈಗ ನಮ್ಮ ಬಂಕುಗಳಲ್ಲಿ 20 ಪರ್ಸೆಂಟ್ ಎಥನಾಲ್ ಬೆರೆಸಿದ ಇ20 ಪೆಟ್ರೋಲ್. ಎಥನಾಲ್‌ಗೆ ಲೀಟರಿಗೆ ಶಕ್ತಿ ಕಡಿಮೆ, ಹಾಗಾಗಿ ಒಂದು ಟ್ಯಾಂಕಿಗೆ ಹೋಗುವ ದೂರವೂ ಸ್ವಲ್ಪ ಇಳಿಯುತ್ತದೆ.

ರಾಡಾರ್ ಕ್ರೂಸ್ ಕಂಟ್ರೋಲ್‌ಗೆ ಕಾಯಬೇಕಾ?

ಮುಂದಿನ ಗಾಡಿಯ ವೇಗ ನೋಡಿ ತಾನೇ ವೇಗ ಇಳಿಸಿ ಏರಿಸುವ ಈ ವ್ಯವಸ್ಥೆ ಡುಕಾಟಿ ಮಲ್ಟಿಸ್ಟ್ರಾಡಾ ವಿ4ನಲ್ಲಿ ಮೊದಲು ಬಂತು. ಆಮೇಲೆ ಬಿಎಂಡಬ್ಲ್ಯು ಆರ್ 1250 ಆರ್‌ಟಿ, ಕವಾಸಾಕಿ ಎಚ್2 ಎಸ್‌ಎಕ್ಸ್, ಯಮಹಾ ಟ್ರೇಸರ್ 9 ಜಿಟಿ ಪ್ಲಸ್ ಇವಕ್ಕೂ ಬಂತು. ಜರ್ಮನಿಯ ಆಟೋಬಾನ್‌ನಲ್ಲಿ ಬಹಳ ಒಳ್ಳೆಯದು. ನಮ್ಮ ಹೆದ್ದಾರಿಯಲ್ಲಿ ಎದುರಿನಿಂದ ರಾಂಗ್ ಸೈಡ್‌ನಲ್ಲಿ ಟ್ರ್ಯಾಕ್ಟರ್ ಬರುತ್ತದೆ, ಡಿವೈಡರ್ ಸಂದಿಯಿಂದ ಎಮ್ಮೆ ಇಳಿಯುತ್ತದೆ. ಇದೊಂದಕ್ಕೋಸ್ಕರ ಕಾಯುವುದು ಬೇಡ.

ಹೊಸ ಮಾಡೆಲ್ ಬರುತ್ತಿದೆ ಎಂಬ ಸುದ್ದಿಯಲ್ಲಿ ಯಾವುದನ್ನು ನಂಬಬಹುದು?

ಕಂಪ್ಯೂಟರಿನಲ್ಲಿ ಬರೆದ ಚೆಂದದ ಚಿತ್ರಗಳನ್ನು ನಂಬಬೇಡಿ. ಪೇಟೆಂಟ್ ಅರ್ಜಿಯನ್ನು ಅರ್ಧ ನಂಬಿ. ಕಂಪನಿಗಳು ಎಂದೂ ಮಾಡದ ಎಷ್ಟೋ ವಸ್ತುಗಳಿಗೆ ಪೇಟೆಂಟ್ ಹಾಕಿಡುತ್ತವೆ. ಸರ್ಕಾರಿ ಮಾಲಿನ್ಯ ಪ್ರಮಾಣಪತ್ರ ಅಥವಾ ಟೈಪ್ ಅಪ್ರೂವಲ್ ದಾಖಲೆಯಲ್ಲಿ ಹೊಸ ಸಿಸಿ, ಹೊಸ ತೂಕ ಕಂಡರೆ ಅದು ಗಟ್ಟಿ ಸುದ್ದಿ. ಆ ಹಂತಕ್ಕೆ ಬಂದ ಗಾಡಿ ಸಾಮಾನ್ಯವಾಗಿ ಹೊರಗೆ ಬಂದೇ ಬರುತ್ತದೆ.

ತಿಂಗಳುಗಳ ಲೆಕ್ಕವೂ ಗೊತ್ತಿರಲಿ. ಇಟಲಿಯ ಮಿಲಾನ್‌ನಲ್ಲಿ ನವೆಂಬರ್‌ನಲ್ಲಿ ಐಕ್ಮಾ ಎಂಬ ಬೈಕ್ ಮೇಳ ನಡೆಯುತ್ತದೆ. ಸೆಪ್ಟೆಂಬರ್ ಕೊನೆಯಿಂದ ಆ ಮೇಳ ಮುಗಿಯುವವರೆಗೆ ಮುಂದಿನ ವರ್ಷದ ದೊಡ್ಡ ಗಾಡಿಗಳು ಬಹುತೇಕ ಪ್ರಕಟವಾಗಿಬಿಡುತ್ತವೆ. ಆಗಸ್ಟ್‌ನಲ್ಲಿ ನೀವು ಕೊಳ್ಳಲು ಹೊರಟಿದ್ದರೆ ಆ ಎರಡು ಮೂರು ತಿಂಗಳು ತಡೆಯುವುದು ಬುದ್ಧಿವಂತಿಕೆ. ಡಿಸೆಂಬರ್‌ನಲ್ಲಿ ಏನೂ ಪ್ರಕಟವಾಗದೆ ಇದ್ದರೆ ಇನ್ನೊಂದು ವರ್ಷ ಕಾಯುವುದರಲ್ಲಿ ಅರ್ಥವಿಲ್ಲ.

ಮಿಲಾನ್‌ನಲ್ಲಿ ತೋರಿಸಿದ್ದು ಬೆಂಗಳೂರಿಗೆ ಯಾವಾಗ ಬರುತ್ತೆ?

ಕೆಲವು ಬೇಗ ಬರುತ್ತವೆ. 1100 ಎಸ್‌ಎಕ್ಸ್ ಎರಡೇ ತಿಂಗಳಲ್ಲಿ, 2024ರ ಡಿಸೆಂಬರ್‌ನಲ್ಲೇ ನಮ್ಮಲ್ಲಿಗೆ ಬಂತು. ಕೆಲವು ಬರುವುದೇ ಇಲ್ಲ. ಯಮಹಾ ಟ್ರೇಸರ್ 9 ಯೂರೋಪಿನವರ ಅಚ್ಚುಮೆಚ್ಚಿನ ಗಾಡಿ. ಎಷ್ಟೋ ಮಂದಿ ಇಲ್ಲೂ ಕೇಳಿದರು, ಇಲ್ಲಿಗೆ ಬರಲಿಲ್ಲ. ಹಿಂದಿನ ಮಾಡೆಲ್ ಭಾರತದಲ್ಲಿ ಮಾರಾಟವಾಗಿತ್ತಾ, ಅದರ ಡೀಲರ್ ನಿಮ್ಮ ಊರಿನಲ್ಲಿ ಇದ್ದಾರಾ ಎಂದು ಮೊದಲು ನೋಡಿ. ಎರಡೂ ಇಲ್ಲದಿದ್ದರೆ ಆ ಗಾಡಿಯ ಆಸೆ ಬಿಡುವುದೇ ವಾಸಿ.

ಕಾದರೆ ಬೆಲೆ ಇಳಿಯುತ್ತಾ?

ಇತ್ತೀಚಿನ ಅನುಭವ ನೋಡಿದರೆ ಏರಿದೆ. 2020ರಲ್ಲಿ ಬಿಎಸ್ 6 ನಿಂಜಾ 1000 ಎಸ್‌ಎಕ್ಸ್ ಎಕ್ಸ್ ಶೋರೂಂ 10.79 ಲಕ್ಷ ಇತ್ತು. 1100 ಬಂದಾಗ 13.49 ಲಕ್ಷ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮೇಲಿನ ಬೈಕುಗಳ ಜಿಎಸ್‌ಟಿ 40 ಪರ್ಸೆಂಟ್ ಆಯಿತು. ಮೊದಲು ಸೆಸ್ ಸೇರಿ 31 ಇತ್ತು. ಇದರಿಂದಲೇ 13.49 ಲಕ್ಷದ ಗಾಡಿ ಸುಮಾರು 14.4 ಲಕ್ಷಕ್ಕೆ ಹೋಗುತ್ತದೆ.

ಕರ್ನಾಟಕದವರಿಗೆ ಇದರ ಮೇಲೆ ಇನ್ನೊಂದು ಹೊರೆ. ಒಂದು ಲಕ್ಷಕ್ಕಿಂತ ಜಾಸ್ತಿ ಬೆಲೆಯ ಬೈಕಿಗೆ ನಮ್ಮಲ್ಲಿ ಲೈಫ್ ಟ್ಯಾಕ್ಸ್ 18 ಪರ್ಸೆಂಟ್, ಅದರ ಮೇಲೆ ಸೆಸ್ ಬೇರೆ. 14.4 ಲಕ್ಷಕ್ಕೆ ಟ್ಯಾಕ್ಸ್ ಒಂದೇ ಎರಡೂವರೆ ಲಕ್ಷ ದಾಟುತ್ತದೆ. ಇನ್ಶೂರೆನ್ಸ್, ಸೈಡ್ ಬಾಕ್ಸ್, ಕ್ರ್ಯಾಶ್ ಗಾರ್ಡ್ ಸೇರಿಸಿ. ಪೇಪರಿನಲ್ಲಿ ನೋಡಿದ ಬೆಲೆಗೂ ಕೈಯಿಂದ ಹೋಗುವ ದುಡ್ಡಿಗೂ ಮೂರ್ನಾಲ್ಕು ಲಕ್ಷದ ಅಂತರ ಇರುತ್ತದೆ. ಹೊಸ ಮಾಡೆಲ್‌ಗೆ ಕಾಯುವವರು ಈ ಆನ್ ರೋಡ್ ಬೆಲೆಯಲ್ಲೇ ಲೆಕ್ಕ ಹಾಕಿ.

ಹೊಸದು ಬಂದ ಮೇಲೆ ಸೆಕೆಂಡ್ ಹ್ಯಾಂಡ್ 1000 ಎಸ್‌ಎಕ್ಸ್ ತಗೊಂಡರೆ ಹೇಗೆ?

ತುಂಬಾ ಒಳ್ಳೆಯ ದಾರಿ. ಕಾಯುವುದರಿಂದ ಸಿಗುವ ನಿಜವಾದ ಲಾಭ ಇದೇ ಅನ್ನಬಹುದು. 2020ರ ನಂತರದ ಗಾಡಿಯಲ್ಲಿ ಕ್ರೂಸ್ ಕಂಟ್ರೋಲ್ ಇದೆ, ಕ್ವಿಕ್ ಶಿಫ್ಟರ್ ಇದೆ, ಅದೇ 19 ಲೀಟರ್ ಟ್ಯಾಂಕ್, ಅದೇ ಕೂರುವ ಭಂಗಿ. ಇಂಥ ಗಾಡಿಗಳನ್ನು ಭಾನುವಾರದ ಬೆಳಗಿನ ರೈಡ್‌ಗೆ ಮಾತ್ರ ತೆಗೆಯುವವರು ಬಹಳ, ಹಾಗಾಗಿ ಕಡಿಮೆ ಓಡಿದ್ದು ಸಿಗುತ್ತದೆ.

ಆದರೆ ಕಡಿಮೆ ಓಡಿದ್ದೆಲ್ಲ ಒಳ್ಳೆಯದಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2321 ಅಂದರೆ 2021ರ 23ನೇ ವಾರ ತಯಾರಾದದ್ದು. ಟೈರಿನ ಗೆರೆ ಪೂರ್ತಿ ಇದ್ದರೂ ಐದು ವರ್ಷ ಹಳೆಯದಾದರೆ ಬದಲಿಸಲೇಬೇಕು ಎಂದು ಲೆಕ್ಕ ಇಟ್ಟುಕೊಳ್ಳಿ. ಈ ಅಳತೆಯ ಟೈರ್ ಜೋಡಿ ಅಗ್ಗವಲ್ಲ. ಮುಂದಿನ ಫೋರ್ಕ್‌ನಲ್ಲಿ ಎಣ್ಣೆ ಜಿನುಗುತ್ತಿದೆಯಾ ನೋಡಿ. ಫೇರಿಂಗ್‌ನ ಎರಡೂ ಬದಿ, ಲಿವರ್‌ಗಳ ತುದಿ, ಎಂಜಿನ್ ಕವರ್ ಗೀಚಿದೆಯಾ ನೋಡಿ. ಬ್ಯಾಂಕ್ ಸಾಲ ತೀರಿದ್ದಕ್ಕೆ ಆರ್‌ಸಿಯಲ್ಲಿ ದಾಖಲೆ ಬೇಕು. ಬೇರೆ ರಾಜ್ಯದ ಗಾಡಿ ಅಗ್ಗ ಅಂತ ಕಂಡರೆ ಎನ್‌ಒಸಿ ಮತ್ತು ಇಲ್ಲಿ ಮತ್ತೆ ಕಟ್ಟಬೇಕಾದ ಲೈಫ್ ಟ್ಯಾಕ್ಸ್ ಸೇರಿಸಿ ನೋಡಿ. ಆ ಅಗ್ಗ ಅಲ್ಲೇ ಕರಗುತ್ತದೆ.

ಸ್ಪೀಡ್ ಲಿಮಿಟ್ 80 ಇರುವಾಗ 1100 ಸಿಸಿ ಯಾಕೆ?

ನ್ಯಾಯವಾದ ಪ್ರಶ್ನೆ. ನಾಲ್ಕು ಪಥದ ಹೆದ್ದಾರಿಯಲ್ಲಿ ಬೈಕಿಗೆ ಮಿತಿ 80. ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವೇ ಇಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. 100 ಸಿಸಿ ಮೊಪೆಡ್‌ಗೂ 1100 ಸಿಸಿ ಟೂರರ್‌ಗೂ ಒಂದೇ ನಿಷೇಧ ಹಾಕಿದ್ದು ನನಗೆ ಸರಿ ಕಾಣುವುದಿಲ್ಲ. ಒಳ್ಳೆಯ ಬ್ರೇಕ್, ಎಬಿಎಸ್ ಇರುವ ಗಾಡಿಯನ್ನು ಹಂಪ್ ತುಂಬಿದ ಸರ್ವಿಸ್ ರಸ್ತೆಗೆ ತಳ್ಳಿದರೆ ಸುರಕ್ಷತೆ ಹೆಚ್ಚುವುದಿಲ್ಲ. ಆದರೆ ನಿಯಮ ಇರುವವರೆಗೆ ಪಾಲಿಸಲೇಬೇಕು.

ದೊಡ್ಡ ಎಂಜಿನ್ನಿನ ಉಪಯೋಗ ವೇಗದಲ್ಲಿ ಇಲ್ಲ. ಇಬ್ಬರು ಕೂತು, ಎರಡು ಬಾಕ್ಸ್ ತುಂಬಿಸಿ, ಏರು ಹತ್ತುವಾಗಲೂ ಎಂಜಿನ್ ಒದ್ದಾಡುವುದಿಲ್ಲ, ನಡುಕ ಇರುವುದಿಲ್ಲ. ದಿನದ ಕೊನೆಗೆ ಕೈ ಜೋಮು ಹಿಡಿದಿರುವುದಿಲ್ಲ. ಆ ಆರಾಮಕ್ಕೆ ಕೊಡುವ ದುಡ್ಡು ಅದು. ಬೇಡ ಅನಿಸಿದರೆ ಬೇಡ, ತಪ್ಪೇನಿಲ್ಲ.

ನಮ್ಮ ರೋಡ್ ಹಂಪ್‌ಗಳಲ್ಲಿ ತಳ ತಾಗುತ್ತಾ?

ಒಬ್ಬರೇ ಇದ್ದರೆ ನಿಧಾನವಾಗಿ ದಾಟಬಹುದು. ಇಬ್ಬರು, ಸಾಮಾನು ಎಲ್ಲ ಇದ್ದರೆ ಹಿಂದಿನ ಸಸ್ಪೆನ್ಷನ್ ಬಿಗಿ ಮಾಡಿಕೊಳ್ಳಿ. ಎಸ್‌ಎಕ್ಸ್‌ನಲ್ಲಿ ಅದಕ್ಕೆ ಕೈಯಲ್ಲೇ ತಿರುಗಿಸುವ ಗುಂಡಿ ಇದೆ, ಸ್ಪ್ಯಾನರ್ ಬೇಡ. ಮಳೆಗಾಲದ ಮಲೆನಾಡಿನ ಒಳರಸ್ತೆ, ಹೋಂಸ್ಟೇಗೆ ಹೋಗುವ ಕಲ್ಲು ದಾರಿ ನಿಮ್ಮ ಮಾಮೂಲಿ ಓಡಾಟವಾದರೆ ಇದೇ ಎಂಜಿನ್ ಇರುವ ವರ್ಸಿಸ್ 1100 ನೋಡಿ. ಎತ್ತರ ಜಾಸ್ತಿ, 21 ಲೀಟರ್ ಟ್ಯಾಂಕ್, 2025ರಲ್ಲಿ ಬಂದಾಗ ಬೆಲೆಯೂ ಎಸ್‌ಎಕ್ಸ್‌ಗಿಂತ ಕಮ್ಮಿ ಇತ್ತು.

ಶಾಫ್ಟ್ ಡ್ರೈವ್ ಬರುತ್ತಾ?

ಈ ಬೆಲೆಯ ಜಪಾನೀ ಗಾಡಿಗಳಲ್ಲಿ ಬರುವ ಲಕ್ಷಣ ಕಾಣುತ್ತಿಲ್ಲ. ಶಾಫ್ಟ್ ಬೇಕೇ ಬೇಕು ಅನ್ನುವವರಿಗೆ ಬಿಎಂಡಬ್ಲ್ಯು ಇದೆ, ಬೆಲೆಯೂ ಹಾಗೇ ಇದೆ. ಚೈನಿಗೆ ಐದಾರು ನೂರು ಕಿಲೋಮೀಟರ್‌ಗೊಮ್ಮೆ, ಮಳೆಯಲ್ಲಿ ನೆಂದರೆ ಅವತ್ತೇ ಸಂಜೆ, ಲ್ಯೂಬ್ ಹೊಡೆದರೆ ಸಾಕು.

ಬೆಂಗಳೂರು ಟ್ರಾಫಿಕ್‌ನಲ್ಲಿ ಬಿಸಿ?

ಇದ್ದೇ ಇರುತ್ತದೆ. ನಾಲ್ಕು ಸಿಲಿಂಡರ್, ಸುತ್ತ ಫೇರಿಂಗ್. ಆಫೀಸಿಗೆ ದಿನಾ ಒಯ್ಯುವ ಗಾಡಿ ಇದಲ್ಲ. ಊರು ಬಿಡುವಾಗ ಬೆಳಗ್ಗೆ ಆರರ ಒಳಗೆ ನೆಲಮಂಗಲ ದಾಟಿ.

ನನ್ನ ಹತ್ತಿರ ಅಷ್ಟು ದುಡ್ಡಿಲ್ಲ. ಏನು ಮಾಡಲಿ?

2003ರ ಹೀರೋ ಹೋಂಡಾ ಕರಿಜ್ಮಾ ನೆನಪಿದೆಯಾ? 223 ಸಿಸಿ, ಅರ್ಧ ಫೇರಿಂಗ್. ಆ ಗಾಡಿಯಲ್ಲಿ ಗೋವಾಕ್ಕೂ ಹೋದರು, ಲಡಾಖ್‌ಗೂ ಹೋದರು. ನಮ್ಮವರಿಗೆ ದೂರದ ಹುಚ್ಚು ಹಿಡಿಸಿದ್ದೇ ಅದು. ಅದರ ಹೊಸ ರೂಪಕ್ಕೆ ವರ್ಷಗಟ್ಟಲೆ ಕಾದವರಿಗೆ 2023ರಲ್ಲಿ ಎಕ್ಸ್‌ಎಂಆರ್ 210 ಬಂತು. ಆರು ಗೇರ್, ಲಿಕ್ವಿಡ್ ಕೂಲಿಂಗ್, ಏರಿಸಿ ಇಳಿಸಬಹುದಾದ ವಿಂಡ್‌ಸ್ಕ್ರೀನ್. ಹಳೆ ಕರಿಜ್ಮಾದ ಸಮಾಧಾನದ ಗುಣಕ್ಕಿಂತ ಇದು ಸ್ವಲ್ಪ ಚುರುಕು. ಇನ್ನೂ ಮೇಲೆ ಹೋಗಬಹುದಾದರೆ ನಿಂಜಾ 650 ಇದೆ. ಎರಡೇ ಸಿಲಿಂಡರ್, ಹಗುರ, ಮೊದಲ ದೊಡ್ಡ ಗಾಡಿಯಾಗಿ ಎಸ್‌ಎಕ್ಸ್‌ಗಿಂತ ಇದೇ ಮೇಲು ಎಂದು ನಾನು ಹೇಳುತ್ತೇನೆ. 235 ಕಿಲೋ ದಾಟಿದ ಗಾಡಿಯನ್ನು ಇಳಿಜಾರಿನಲ್ಲಿ ಹಿಂದೆ ತಳ್ಳುವುದು ಹೊಸಬರಿಗೆ ಸುಲಭವಲ್ಲ.

ಬುಕ್ ಮಾಡುವ ಮೊದಲು ಏನು ಕೇಳಬೇಕು?

ಮುಂಗಡ ವಾಪಸ್ ಬರುತ್ತಾ, ಎಷ್ಟು ದಿನದಲ್ಲಿ ಎಂದು ರಶೀದಿಯ ಮೇಲೆ ಬರೆಸಿಕೊಳ್ಳಿ. ಗಾಡಿ ತಯಾರಾದ ತಿಂಗಳು, ವರ್ಷ ಕೇಳಿ. ವರ್ಷದ ಕೊನೆಗೆ ಹಳೆ ಸ್ಟಾಕ್ ಖಾಲಿ ಮಾಡಲು ಡಿಸ್ಕೌಂಟ್ ಕೊಡುತ್ತಾರೆ. ಐದಾರು ವರ್ಷ ಇಟ್ಟುಕೊಳ್ಳುವವರು ಧೈರ್ಯವಾಗಿ ತಗೊಳ್ಳಬಹುದು, ಬೇಗ ಮಾರುವವರಿಗೆ ಆ ಹಳೆ ವರ್ಷ ಆರ್‌ಸಿಯಲ್ಲಿ ಕಾಣುತ್ತದೆ, ಬೆಲೆ ಇಳಿಸುತ್ತದೆ.

ಟೆಸ್ಟ್ ರೈಡ್‌ಗೆ ಹಿಂದೆ ಕೂರುವವರನ್ನೂ ಕರೆದುಕೊಂಡು ಹೋಗಿ. ಹೆಂಡತಿಯೋ ಗಂಡನೋ ಗೆಳೆಯನೋ, ಅವರೂ ಹೆಲ್ಮೆಟ್, ಜಾಕೆಟ್ ಹಾಕಿಕೊಂಡು ಹದಿನೈದು ನಿಮಿಷ ಕೂರಲಿ. ಎಸ್‌ಎಕ್ಸ್‌ನ ಮುಂದಿನ ಸೀಟು 835 ಮಿಲಿಮೀಟರ್, ಹಿಂದಿನದು ಇನ್ನೂ ಎತ್ತರ, ಸೈಡ್ ಬಾಕ್ಸ್ ಇದ್ದಾಗ ಕಾಲು ಎತ್ತಿ ಹತ್ತುವುದೇ ಬೇರೆ ಕಸರತ್ತು. ಶೋರೂಂನ ಗಾಡಿಗೆ ಬಾಕ್ಸ್ ಇಲ್ಲದಿದ್ದರೆ ಹಾಕಿಸಿ ತೋರಿಸಿ ಎಂದು ಕೇಳಿ.